ಗರ್ಭಿಣಿ ‘ಸ್ವಲ್ಪ’ ಕುಡಿದರೆ ಪರವಾಗಿಲ್ಲವೇ? ಎರಡು ಬಗೆಯ ಫಾರ್ವರ್ಡ್‌ಗಳು, ಎರಡೂ ತಪ್ಪು

ಬಸಿರು ಮತ್ತು ಮದ್ಯದ ಬಗ್ಗೆ ನಮ್ಮ ಫೋನುಗಳಿಗೆ ಬರುವ ಸಂದೇಶಗಳಲ್ಲಿ ಎರಡು ಬಗೆ. ‘ವಾರಕ್ಕೊಂದು ಗ್ಲಾಸ್ ವೈನ್ ಕುಡಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲ, ವಿದೇಶಿ ವಿಜ್ಞಾನಿಗಳೇ ಹೇಳಿದ್ದಾರೆ’ ಎಂಬುದು ಒಂದು. ‘ಒಂದು ಗುಟುಕು ಕುಡಿದರೂ ಮಗುವಿನ ಬುದ್ಧಿ ಬೆಳೆಯುವುದಿಲ್ಲ’ ಎಂಬುದು ಇನ್ನೊಂದು.

ಮೊದಲನೆಯದನ್ನು ನಂಬಿದವರು ಧೈರ್ಯವಾಗಿ ಕುಡಿಯುತ್ತಾರೆ. ಎರಡನೆಯದನ್ನು ನಂಬಿದವರ ಕಷ್ಟ ಬೇರೆ. ಬಸಿರು ನಿಂತಿದೆ ಎಂದು ಗೊತ್ತಾಗುವ ಮೊದಲು ಯಾವುದೋ ಪಾರ್ಟಿಯಲ್ಲಿ ಒಂದು ಬಿಯರ್ ಕುಡಿದಿದ್ದಕ್ಕೆ ಒಂಬತ್ತು ತಿಂಗಳೂ ಹೆದರಿಕೊಂಡೇ ಕಳೆಯುತ್ತಾರೆ. ಗರ್ಭ ತೆಗೆಸಿಬಿಡಬೇಕೇ ಎಂದು ಒಳಗೊಳಗೇ ಕೊರಗುವವರೂ ಇದ್ದಾರೆ. ಹಾಗಾಗಿ ಈ ವಿಷಯದಲ್ಲಿ ವಿಜ್ಞಾನ ನಿಜವಾಗಿ ಏನು ಹೇಳುತ್ತದೆ ಎಂದು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಗರ್ಭಿಣಿ ಇಷ್ಟು ಕುಡಿದರೆ ಸುರಕ್ಷಿತ ಎಂಬ ಅಳತೆಯನ್ನು ಇದುವರೆಗೆ ಯಾರಿಗೂ ಗುರುತಿಸಲು ಆಗಿಲ್ಲ. ಆದ್ದರಿಂದ ಕುಡಿಯದಿರುವುದೇ ಸರಿ. ಆದರೆ ‘ಸುರಕ್ಷಿತ ಅಳತೆ ಗೊತ್ತಿಲ್ಲ’ ಎಂದರೆ ‘ಒಂದು ಗುಟುಕಿಗೆ ಮಗು ಹಾಳಾಯಿತು’ ಎಂದು ಅರ್ಥವಲ್ಲ. ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ತಿಳಿದರೆ ಎರಡೂ ಫಾರ್ವರ್ಡ್‌ಗಳ ಬಣ್ಣ ಬಯಲಾಗುತ್ತದೆ.

ನಮ್ಮೂರಿನ ಹೆಂಗಸರಿಗೆ ಈ ವಿಷಯ ಯಾಕೆ?

‘ನಮ್ಮ ಕಡೆ ಹೆಂಗಸರು ಎಲ್ಲಿ ಕುಡಿಯುತ್ತಾರೆ?’ ಎಂದು ಕೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಮಹಿಳೆಯರಲ್ಲಿ ಮದ್ಯ ಸೇವಿಸುವವರು ಶೇ 1.3ರಷ್ಟು ಮಾತ್ರ, ಗಂಡಸರಲ್ಲಿ ಸುಮಾರು ಶೇ 19ರಷ್ಟು. ಪ್ರಮಾಣ ಸಣ್ಣದು, ನಿಜ. ಆದರೆ ಶೇ 1.3 ಎಂದರೆ ನಮ್ಮಷ್ಟು ದೊಡ್ಡ ದೇಶದಲ್ಲಿ ಲಕ್ಷಾಂತರ ಹೆಂಗಸರು. ಮನೆಗೆ ಬಂದು ಕೇಳಿದರೆ ‘ಹೌದು, ಕುಡಿಯುತ್ತೇನೆ’ ಎಂದು ಬಾಯಿಬಿಟ್ಟು ಹೇಳುವ ಹೆಂಗಸರೂ ಕಡಿಮೆ.

ಬಾಟಲಿಯಲ್ಲಿ ಬರುವುದು ಮಾತ್ರ ಮದ್ಯವಲ್ಲ ಎಂಬುದೂ ನೆನಪಿರಲಿ. ಕ್ರಿಸ್‌ಮಸ್‌ಗೆ ಮಂಗಳೂರಿನ ಮನೆಗಳಲ್ಲಿ ಮಾಡುವ ವೈನ್‌ನಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂದು ಯಾರೂ ಅಳೆದಿರುವುದಿಲ್ಲ. ‘ದೇಹಕ್ಕೆ ತಂಪು’ ಎಂದು ಕುಡಿಯುವ ಹೆಂಡದಲ್ಲಿಯೂ ಆಲ್ಕೋಹಾಲ್ ಇದೆ. ಮರದಿಂದ ಇಳಿಸಿದ ನೀರಾ ಕೆಲವೇ ಗಂಟೆಗಳಲ್ಲಿ ಹುಳಿತು ಹೆಂಡವಾಗುತ್ತದೆ. ಹುದುಗಿಸಿ ತಯಾರಿಸುವ ಅರಿಷ್ಟ, ಆಸವಗಳಲ್ಲೂ ಆಲ್ಕೋಹಾಲ್ ತಾನಾಗಿಯೇ ಹುಟ್ಟುತ್ತದೆ. ಬಸಿರಿನಲ್ಲಿ ಅಂಥ ಔಷಧ ತೆಗೆದುಕೊಳ್ಳುವ ಮೊದಲು ಬಾಟಲಿಯ ಲೇಬಲ್ ಓದಿ, ವೈದ್ಯರನ್ನು ಕೇಳಿ.

ಹೊಟ್ಟೆಯೊಳಗೆ ಏನಾಗುತ್ತದೆ?

ತಾಯಿ ತಿಂದದ್ದು, ಕುಡಿದದ್ದು ಮಗುವಿಗೆ ತಲುಪುವುದು ಮಾಸು, ಅಂದರೆ ಪ್ಲಾಸೆಂಟಾ, ಮತ್ತು ಹೊಕ್ಕುಳಬಳ್ಳಿಯ ಮೂಲಕ. ಮಾಸು ಬೇಡದ್ದನ್ನೆಲ್ಲ ಸೋಸಿ ತಡೆಯುತ್ತದೆ ಎಂದು ಹಲವರ ನಂಬಿಕೆ. ಕೆಲವನ್ನು ತಡೆಯುತ್ತದೆ, ಆದರೆ ಆಲ್ಕೋಹಾಲನ್ನಲ್ಲ. ಅದರ ಅಣು ತುಂಬ ಚಿಕ್ಕದು. ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಕರಗುತ್ತದೆ. ಹಾಗಾಗಿ ಸರಾಗವಾಗಿ ದಾಟುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲಿಯೂ ಹೆಚ್ಚುಕಡಿಮೆ ತಾಯಿಯ ರಕ್ತದಲ್ಲಿರುವಷ್ಟೇ ಆಲ್ಕೋಹಾಲ್ ಇರುತ್ತದೆ.

ತಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಮಗುವಿನ ಯಕೃತ್ತು ಇನ್ನೂ ಎಳೆಯದು, ಅದಕ್ಕೆ ಆ ಶಕ್ತಿ ಇಲ್ಲ. ಸಾಲದ್ದಕ್ಕೆ ಮಗು ತೇಲುತ್ತಿರುವ ಗರ್ಭನೀರಿಗೂ ಆಲ್ಕೋಹಾಲ್ ಸೇರುತ್ತದೆ. ಆ ನೀರನ್ನು ಮಗು ಮತ್ತೆ ಮತ್ತೆ ನುಂಗುತ್ತದೆ. ತಾಯಿಯ ಅಮಲು ಇಳಿದ ಮೇಲೂ ಮಗುವಿಗೆ ಅದರಿಂದ ಬಿಡುಗಡೆ ನಿಧಾನ.

‘ಮೊದಲ ಮೂರು ತಿಂಗಳು ಜಾಗ್ರತೆ ಇದ್ದರೆ ಸಾಕು’ ಎಂಬ ಮಾತೂ ಇದೆ. ಹೃದಯ, ಮುಖ, ಕೈಕಾಲು ರೂಪುಗೊಳ್ಳುವುದು ಮೊದಲ ತಿಂಗಳುಗಳಲ್ಲಿ, ಸರಿ. ಆದರೆ ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಇನ್ನು ಕುಡಿಯಬಹುದು ಎನ್ನುವ ತಿಂಗಳು ಯಾವುದೂ ಇಲ್ಲ.

ಹೆಚ್ಚು ಕುಡಿದರೆ: ಇದರಲ್ಲಿ ವಾದವೇ ಇಲ್ಲ

1968ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಲೆಮ್ವಾನ್, ಮದ್ಯವ್ಯಸನಿಗಳ 127 ಮಕ್ಕಳನ್ನು ಪರೀಕ್ಷಿಸಿ ಅವರಲ್ಲಿ ಒಂದೇ ರೀತಿಯ ಮುಖಲಕ್ಷಣ ಮತ್ತು ಬೆಳವಣಿಗೆಯ ಕೊರತೆಗಳಿವೆ ಎಂದು ಬರೆದರು. ಅದು ಆಗ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರಾದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದನ್ನೇ ಗುರುತಿಸಿ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಚಿಕ್ಕ ಕಣ್ಣುಗಳು, ತೆಳು ಮೇಲ್ದುಟಿ, ಮೂಗಿಗೂ ತುಟಿಗೂ ನಡುವಿನ ಗೀರು ಇಲ್ಲದ ನುಣುಪು ಚರ್ಮ, ಕುಂಠಿತ ಬೆಳವಣಿಗೆ, ಕಲಿಕೆಯ ತೊಂದರೆ ಇದರ ಲಕ್ಷಣಗಳು. ಎಷ್ಟೋ ಮಕ್ಕಳಿಗೆ ಮುಖದಲ್ಲಿ ಏನೂ ಕಾಣುವುದಿಲ್ಲ. ಗಮನ, ನೆನಪು, ನಡವಳಿಕೆಯಲ್ಲಿ ಮಾತ್ರ ತೊಂದರೆ ಇರುತ್ತದೆ. ಶಾಲೆಗೆ ಹೋಗುವವರೆಗೆ ಅದು ಯಾರಿಗೂ ತಿಳಿಯದಿರಬಹುದು.

ಅದಕ್ಕೂ ಮುಂಚೆ ವೈದ್ಯರೇ ಮದ್ಯವನ್ನು ಅಷ್ಟಾಗಿ ಅನುಮಾನಿಸುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ, ದಿನ ತುಂಬುವ ಮೊದಲೇ ಹೆರಿಗೆನೋವು ಬಂದವರಿಗೆ ಅದನ್ನು ನಿಲ್ಲಿಸಲೆಂದು ಅಮೆರಿಕದ ಆಸ್ಪತ್ರೆಗಳಲ್ಲಿ ಆಲ್ಕೋಹಾಲನ್ನೇ ಡ್ರಿಪ್ ಮೂಲಕ ಏರಿಸುತ್ತಿದ್ದರು! ‘ಹಿಂದೆ ಡಾಕ್ಟರೇ ಕೊಡುತ್ತಿದ್ದರು’ ಎಂಬ ವಾದಕ್ಕೆ ಉತ್ತರ ಇಷ್ಟೇ: ಹೌದು, ಕೊಡುತ್ತಿದ್ದರು. ಹಾನಿ ತಿಳಿದ ಮೇಲೆ ನಿಲ್ಲಿಸಿದರು.

‘ತೊಂದರೆಯಿಲ್ಲ’ ಎಂದ ಅಧ್ಯಯನಗಳು ಸುಳ್ಳೇ?

ಸುಳ್ಳಲ್ಲ. ಅಂಥ ಅಧ್ಯಯನಗಳು ನಿಜವಾಗಿಯೂ ಇವೆ. ಬ್ರಿಟನ್ನಿನಲ್ಲಿ 2000ದ ಸುಮಾರಿಗೆ ಹುಟ್ಟಿದ ಮಕ್ಕಳಲ್ಲಿ ಸುಮಾರು 11,500 ಮಂದಿಯನ್ನು ಐದನೇ ವಯಸ್ಸಿನಲ್ಲಿ ಪರೀಕ್ಷಿಸಿದ ವರದಿ 2010ರಲ್ಲಿ ಬಂತು. ಬಸಿರಿನಲ್ಲಿ ವಾರಕ್ಕೆ ಒಂದೆರಡು ಯೂನಿಟ್ ಕುಡಿದಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚಿನ ತೊಂದರೆ ಕಾಣಲಿಲ್ಲ. 2012ರಲ್ಲಿ ಡೆನ್ಮಾರ್ಕಿನಲ್ಲಿ ಸುಮಾರು 1,600 ತಾಯಂದಿರ ಐದು ವರ್ಷದ ಮಕ್ಕಳ ಬುದ್ಧಿಮತ್ತೆ ಅಳೆದಾಗಲೂ ಅಷ್ಟೇ: ಕಡಿಮೆ ಕುಡಿದವರ ಮಕ್ಕಳಿಗೂ ಕುಡಿಯದವರ ಮಕ್ಕಳಿಗೂ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಫಾರ್ವರ್ಡ್‌ಗಳಲ್ಲಿ ‘ವಿದೇಶಿ ವಿಜ್ಞಾನಿಗಳು’ ಎಂದರೆ ಸಾಮಾನ್ಯವಾಗಿ ಇಂಥ ಅಧ್ಯಯನಗಳೇ. ಆದರೆ ಬಸಿರಿನಲ್ಲಿ ಕುಡಿಯದಿರುವುದೇ ಕ್ಷೇಮ ಎಂದು ಡೆನ್ಮಾರ್ಕಿನ ಸಂಶೋಧಕರೇ ಹೇಳಿದ್ದರು. ಆ ಮಾತು ಫಾರ್ವರ್ಡ್‌ನಲ್ಲಿ ಬರುವುದಿಲ್ಲ.

ಬ್ರಿಟನ್ನಿನ ಅಧ್ಯಯನದಲ್ಲಿ ಇನ್ನೊಂದು ವಿಚಿತ್ರವಿತ್ತು. ಕೆಲವು ಪರೀಕ್ಷೆಗಳಲ್ಲಿ, ಸ್ವಲ್ಪ ಕುಡಿದವರ ಮಕ್ಕಳು ಕುಡಿಯದವರ ಮಕ್ಕಳಿಗಿಂತ ತುಸು ಮೇಲೇ ಇದ್ದರು. ಹಾಗಾದರೆ ವೈನ್ ಕುಡಿದರೆ ಮಗು ಜಾಣ ಆಗುತ್ತದೆಯೇ? ಇಲ್ಲ. ಅಲ್ಲಿ ಊಟದ ಜೊತೆ ಒಂದು ಗ್ಲಾಸ್ ವೈನ್ ಕುಡಿಯುವವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು. ಅವರ ಮಕ್ಕಳಿಗೆ ಒಳ್ಳೆಯ ಊಟ, ಪುಸ್ತಕ, ಶಾಲೆ ಎಲ್ಲ ಸಿಗುತ್ತದೆ. ಆ ಅನುಕೂಲದ ನೆರಳಿನಲ್ಲಿ ಮದ್ಯದಿಂದ ಆಗುವ ಸಣ್ಣ ಹಾನಿ ಅಡಗಿಹೋಗಬಹುದು.

ಈ ನೆರಳನ್ನು ಸರಿಸಲು ಒಂದು ಜಾಣ ದಾರಿ ಇದೆ. ಆಲ್ಕೋಹಾಲನ್ನು ಬೇಗ ಅಥವಾ ನಿಧಾನವಾಗಿ ಕರಗಿಸುವ ಜೀನ್‌ಗಳು ನಮ್ಮಲ್ಲಿವೆ. ಯಾವ ಮಗುವಿಗೆ ಯಾವುದು ಬಂತು ಎಂಬುದು ಚೀಟಿ ಎತ್ತಿದ ಹಾಗೆ. ಬಡವ, ಶ್ರೀಮಂತ, ಓದಿದವ ಎಂಬ ಭೇದ ಅದಕ್ಕಿಲ್ಲ. ಬ್ರಿಟನ್ನಿನ ಬ್ರಿಸ್ಟಲ್ ಸುತ್ತಲಿನ 4,000ಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ಜೀನ್ ಮೂಲಕ ಹೋಲಿಸಿದ ಅಧ್ಯಯನವೂ 2012ರಲ್ಲೇ ಪ್ರಕಟವಾಯಿತು. ತಾಯಿ ವಾರಕ್ಕೆ 1ರಿಂದ 6 ಯೂನಿಟ್ ಕುಡಿದಿದ್ದಾಗ, ಆಲ್ಕೋಹಾಲನ್ನು ನಿಧಾನವಾಗಿ ಕರಗಿಸುವ ಜೀನ್ ಇದ್ದ ಮಕ್ಕಳ ಬುದ್ಧಿಮತ್ತೆಯ ಅಂಕ ಎಂಟನೇ ವಯಸ್ಸಿನಲ್ಲಿ ಸ್ವಲ್ಪ ಕಡಿಮೆ ಇತ್ತು. ತಾಯಿ ಕುಡಿಯದೇ ಇದ್ದ ಮಕ್ಕಳಲ್ಲಿ ಅದೇ ಜೀನ್‌ಗಳಿಂದ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಅಂದರೆ ‘ಸ್ವಲ್ಪ’ ಎಂಬುದಕ್ಕೂ ಪರಿಣಾಮ ಇರಬಹುದು, ಆದರೆ ಅದು ಚಿಕ್ಕದು.

2017ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಇಂಥ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ವಾರಕ್ಕೆ 4 ಯೂನಿಟ್‌ವರೆಗೆ ಕುಡಿದವರಲ್ಲಿ ಮಗು ಚಿಕ್ಕದಾಗಿ ಹುಟ್ಟುವ ಅಪಾಯ ಶೇ 8ರಷ್ಟು ಹೆಚ್ಚಿತ್ತು. ಸಾವಿರದಲ್ಲಿ 100 ಮಕ್ಕಳು ಚಿಕ್ಕದಾಗಿ ಹುಟ್ಟುವ ಕಡೆ 108 ಹುಟ್ಟುತ್ತಾರೆ ಎಂದು ಲೆಕ್ಕ. ಉಳಿದ ಪ್ರಶ್ನೆಗಳಿಗೆ ಗಟ್ಟಿ ಪುರಾವೆಯೇ ಸಾಲದು ಎಂದಿತು ಆ ತಂಡ.

ಗೆರೆ ಎಳೆಯಲು ಯಾಕೆ ಆಗುತ್ತಿಲ್ಲ?

ಹೊಸ ಔಷಧವನ್ನು ಪರೀಕ್ಷಿಸುವಾಗ ಅರ್ಧ ಜನರಿಗೆ ಕೊಟ್ಟು, ಇನ್ನರ್ಧ ಜನರಿಗೆ ಕೊಡದೆ ನೋಡುತ್ತಾರೆ. ಗರ್ಭಿಣಿಯರಿಗೆ ಬೇಕೆಂದೇ ಮದ್ಯ ಕೊಟ್ಟು ಮಗುವಿಗೆ ಏನಾಗುತ್ತದೋ ನೋಡೋಣ ಎನ್ನಲಾಗುವುದಿಲ್ಲ. ಹಾಗಾಗಿ ತಾಯಂದಿರು ತಾವಾಗಿ ಹೇಳಿದ್ದನ್ನೇ ನಂಬಬೇಕು. ಅದರಲ್ಲಿ ಮರೆವೂ ಇರುತ್ತದೆ, ಸಂಕೋಚವೂ ಇರುತ್ತದೆ.

ಎಲ್ಲರ ಮೇಲೂ ಒಂದೇ ಪರಿಣಾಮ ಆಗುವುದಿಲ್ಲ ಎಂಬುದು ಇನ್ನೊಂದು ತೊಡಕು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬಸಿರಿನಲ್ಲಿ ತಾಯಿ ಕುಡಿದಿದ್ದ ಅವಳಿ ಮಕ್ಕಳನ್ನು ಪರೀಕ್ಷಿಸಿದರು. ಜೀನ್‌ಗಳು ಒಂದೇ ಇರುವ ತದ್ರೂಪಿ ಅವಳಿಗಳಲ್ಲಿ ಇಬ್ಬರಿಗೂ ಒಂದೇ ಮಟ್ಟದ ತೊಂದರೆ ಇತ್ತು. ಜೀನ್‌ಗಳು ಬೇರೆ ಇರುವ ಅವಳಿಗಳಲ್ಲಿ ಮಾತ್ರ ಶೇ 44ರಷ್ಟು ಜೋಡಿಗಳಲ್ಲಿ ಇಬ್ಬರ ತೊಂದರೆಯ ಮಟ್ಟ ಬೇರೆ ಬೇರೆಯಾಗಿತ್ತು. ಅದೇ ತಾಯಿ, ಅದೇ ಹೊಟ್ಟೆ, ಅದೇ ಮದ್ಯ; ಫಲ ಮಾತ್ರ ಬೇರೆ. ‘ನಮ್ಮ ಚಿಕ್ಕಮ್ಮ ಕುಡಿದಿದ್ದರು, ಅವರ ಮಗ ಇಂಜಿನಿಯರ್ ಆದ’ ಎಂಬುದು ನಿಜವೇ ಇರಬಹುದು. ಅದರಿಂದ ನಿಮ್ಮ ಮಗುವಿನ ವಿಷಯ ತಿಳಿಯುವುದಿಲ್ಲ.

‘ಸ್ವಲ್ಪ’ ಎಂದರೆ ಎಷ್ಟು?

ಬ್ರಿಟನ್ನಿನ ಒಂದು ಯೂನಿಟ್ ಎಂದರೆ 8 ಗ್ರಾಂ ಶುದ್ಧ ಆಲ್ಕೋಹಾಲ್. 2017ರ ವಿಶ್ಲೇಷಣೆಯ ‘ವಾರಕ್ಕೆ 4 ಯೂನಿಟ್’ ಎಂದರೆ ವಾರಕ್ಕೆ 32 ಗ್ರಾಂ. ಅದನ್ನು ನಮ್ಮ ಲೆಕ್ಕಕ್ಕೆ ತರೋಣ. ನಮ್ಮಲ್ಲಿ ಸಿಗುವ ವಿಸ್ಕಿ ಅಥವಾ ಬ್ರಾಂದಿಯ 30 ಮಿ.ಲೀ. ಪೆಗ್‌ನಲ್ಲಿ ಸುಮಾರು 10 ಗ್ರಾಂ ಇರುತ್ತದೆ. 150 ಮಿ.ಲೀ. ವೈನ್‌ನಲ್ಲಿ ಸುಮಾರು 14 ಗ್ರಾಂ. 180 ಮಿ.ಲೀ. ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ.

ಅಂದರೆ ವಿದೇಶದ ಅಧ್ಯಯನ ಇಡೀ ವಾರಕ್ಕೆ ಹಂಚಿದ ‘ಸ್ವಲ್ಪ’ ನಮ್ಮ ಒಂದೇ ಬಾಟಲಿ ಬಿಯರಿನಲ್ಲಿ, ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಕುಡಿದಾಗ ರಕ್ತದಲ್ಲಿ ಆಲ್ಕೋಹಾಲ್ ಮಟ್ಟ ತಟ್ಟನೆ ಏರುತ್ತದೆ. ಮಗುವಿಗೆ ಅದೇ ಹೆಚ್ಚು ಅಪಾಯ. ‘ಬಿಯರ್ ಅಲ್ಲವಾ, ಏನಾಗುತ್ತೆ’ ಎಂಬ ಮಾತಿಗೂ ಅರ್ಥವಿಲ್ಲ. ಬಿಯರ್, ವೈನ್, ವಿಸ್ಕಿ ಎಲ್ಲದರಲ್ಲೂ ಇರುವುದು ಅದೇ ಆಲ್ಕೋಹಾಲ್.

ಸಲಹೆ ಬದಲಾಗಿದ್ದು ಹೀಗೆ

2008ರಲ್ಲಿ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯೇ ‘ಮೊದಲ ಮೂರು ತಿಂಗಳು ಬೇಡ, ಆಮೇಲೆ ಕುಡಿಯಲೇಬೇಕೆಂದರೆ ವಾರಕ್ಕೆ ಒಂದೆರಡು ಬಾರಿ, 1–2 ಯೂನಿಟ್ ಮೀರದಿರಲಿ’ ಎಂದಿತ್ತು. 2016ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ಅದನ್ನು ‘ಕುಡಿಯದಿರುವುದೇ ಅತ್ಯಂತ ಸುರಕ್ಷಿತ’ ಎಂದು ಬದಲಿಸಿದರು. ಹಳೆಯ ಸಲಹೆ ಮಾತ್ರ ಇಂಟರ್ನೆಟ್‌ನಲ್ಲಿ ಇನ್ನೂ ಓಡಾಡುತ್ತಿದೆ. ಅಮೆರಿಕದಲ್ಲಿ 1989ರಿಂದ ಮದ್ಯದ ಬಾಟಲಿಯ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಇರಲೇಬೇಕು. ನಮ್ಮಲ್ಲಿ 2019ರಿಂದ ಕಡ್ಡಾಯವಾದ ಎಚ್ಚರಿಕೆ ಮದ್ಯ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎನ್ನುತ್ತದೆ. ಬಸಿರಿನ ಮಾತು ಅದರಲ್ಲಿಲ್ಲ.

ಗೊತ್ತಿಲ್ಲದೆ ಕುಡಿದಿದ್ದರೆ?

ಇದನ್ನು ಓದುತ್ತಿರುವ ಯಾರಾದರೂ ಈಗಾಗಲೇ ಆ ಚಿಂತೆಯಲ್ಲಿರಬಹುದು. ಅವರಿಗೆ ನಾವು ಹೇಳುವುದು ಇಷ್ಟು: ಬಸಿರು ತಿಳಿಯುವ ಮೊದಲು ಸ್ವಲ್ಪ ಪ್ರಮಾಣದಲ್ಲಿ ಕುಡಿದಿದ್ದರೆ ಮಗುವಿಗೆ ಹಾನಿಯಾಗುವ ಸಾಧ್ಯತೆ ಕಡಿಮೆ. ‘ಕುಡಿಯಲೇಬೇಡಿ’ ಎಂದ 2016ರ ಅದೇ ಮಾರ್ಗಸೂಚಿ ಈ ಮಾತನ್ನೂ ಸ್ಪಷ್ಟವಾಗಿ ಹೇಳಿದೆ. ಅದೊಂದೇ ಕಾರಣಕ್ಕೆ ಗರ್ಭ ತೆಗೆಸುವ ಯೋಚನೆ ಬೇಡ. ಇಂದಿನಿಂದ ನಿಲ್ಲಿಸಿ. ಎಷ್ಟು, ಯಾವಾಗ ಕುಡಿದಿರಿ ಎಂಬುದನ್ನು ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಯಾವ ತಿಂಗಳಲ್ಲಿ ನಿಲ್ಲಿಸಿದರೂ ಮುಂದಿನ ತಿಂಗಳುಗಳ ಅಪಾಯ ತಪ್ಪುತ್ತದೆ. ಸ್ಕ್ಯಾನ್‌ನಲ್ಲಿ ಎಲ್ಲ ಸರಿ ಇದೆ ಎಂದ ಮಾತ್ರಕ್ಕೆ ಮತ್ತೆ ಶುರು ಮಾಡಬೇಡಿ. ಮೆದುಳಿನ ಸೂಕ್ಷ್ಮ ತೊಂದರೆ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ.

ದಿನವೂ ಕುಡಿಯುವ ಅಭ್ಯಾಸ ಇದ್ದವರ ವಿಷಯ ಬೇರೆ. ಅವರು ಒಮ್ಮೆಲೇ ತಾವಾಗಿ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಅದು ತಾಯಿಗೂ ಮಗುವಿಗೂ ಅಪಾಯ. ವೈದ್ಯರ ಜೊತೆಯಲ್ಲಿ ಬಿಡಿಸಿಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಮನೆಯವರು ಬೈದು ಹಂಗಿಸಿದರೆ ಅವಳು ಬಚ್ಚಿಟ್ಟು ಕುಡಿಯುತ್ತಾಳೆ, ಅಷ್ಟೇ. ಗಂಡನೂ ಜೊತೆಗೆ ಬಿಟ್ಟರೆ ಅವಳಿಗೆ ಬಿಡುವುದು ಸುಲಭ.

ನಮ್ಮ ತೀರ್ಮಾನ

‘ಸ್ವಲ್ಪ ಕುಡಿದರೆ ಸುರಕ್ಷಿತ ಎಂದು ಸಾಬೀತಾಗಿದೆ’ ಎಂಬುದು ತಪ್ಪು. ಹಾನಿ ಕಾಣಲಿಲ್ಲ ಎನ್ನುವುದೂ ಹಾನಿ ಇಲ್ಲ ಎನ್ನುವುದೂ ಒಂದೇ ಅಲ್ಲ. ‘ಒಂದು ಗುಟುಕಿಗೆ ಮಗು ಹಾಳು’ ಎಂಬುದೂ ತಪ್ಪು. ಅದಕ್ಕೆ ಪುರಾವೆ ಇಲ್ಲ, ಅದು ಹೆದರಿಸುವುದಷ್ಟೇ. ಬಸಿರಿನಲ್ಲಿ ಮದ್ಯ ಬೇಡ, ತಿಳಿಯದೆ ಕುಡಿದಿದ್ದರೆ ಭಯ ಬೇಡ. ಮುಂದಿನ ಸಲ ಆ ಎರಡರಲ್ಲಿ ಯಾವ ಫಾರ್ವರ್ಡ್ ಬಂದರೂ, ಅದನ್ನು ಮುಂದಕ್ಕೆ ಕಳಿಸುವ ಬದಲು ಈ ಮಾತನ್ನು ಕಳಿಸಿ.