ದಂಡದ ಹಣ ಯಾರ ಬೊಕ್ಕಸಕ್ಕೆ?

ಹೆದ್ದಾರಿಯ ವಾಹನ ಊರೊಳಗೆ ನಿಧಾನವಾಗಿ ಸಾಗಬೇಕೆಂಬ ನಿಯಮ ಬೇರೆ, ನಿಧಾನವಾಗದ ವಾಹನಗಳ ದಂಡದಿಂದಲೇ ಊರಿನ ಸಂಬಳ ಸಾರಿಗೆ ನಡೆಯಬೇಕೆಂಬ ಏರ್ಪಾಡು ಬೇರೆ. ಇವೆರಡೂ ಬೆರೆತುಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಸೌರಿ ರಾಜ್ಯದ ಮ್ಯಾಕ್ಸ್ ಕ್ರೀಕ್ ತಕ್ಕ ಸಾಕ್ಷಿ. ಒಸೇಜ್ ನದಿಗೆ 1931ರಲ್ಲಿ ಕಟ್ಟಿ ಮುಗಿಸಿದ ಬ್ಯಾಗ್ನೆಲ್ ಅಣೆಕಟ್ಟಿನ ಹಿನ್ನೀರಾದ ಓಝಾರ್ಕ್ಸ್ ಸರೋವರ ಹೆಸರಾಂತ ಪ್ರವಾಸಿ ತಾಣವಾಗಿ ಬೆಳೆಯಿತು. ಅಲ್ಲಿಗೆ ಪಶ್ಚಿಮ ದಿಕ್ಕಿನಿಂದ ಹೋಗುವ 54ನೆಯ ಸಂಖ್ಯೆಯ ಹೆದ್ದಾರಿ ಕೆಲವೇ ನೂರು ಜನರಿದ್ದ ಈ ಊರನ್ನು ಹಾದುಹೋಗುತ್ತಿದ್ದುದರಿಂದ, 1990ರ ದಶಕದ ಹೊತ್ತಿಗೆ ಊರಿನ ಆಡಳಿತದ ವರಮಾನದಲ್ಲಿ ಬಹುಪಾಲು ದಾರಿಹೋಕರು ತೆತ್ತ ದಂಡವೇ ಆಗಿತ್ತು.

ಅಮೆರಿಕದಲ್ಲಿ ‘ಸ್ಪೀಡ್ ಟ್ರ್ಯಾಪ್’ ಎಂದು ಹೆಸರಾದ ಈ ಪದ್ಧತಿಯಲ್ಲಿ ಊರಿನ ಎಲ್ಲೆ ಬಂದೊಡನೆ ವೇಗಮಿತಿ ದಿಢೀರನೆ ಇಳಿಯುತ್ತದೆ. ಚಾಲಕ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ, ಮರೆಯಲ್ಲಿ ನಿಂತ ಪೊಲೀಸರ ರಡಾರ್ ಗನ್ನು ಅವನ ವೇಗವನ್ನು ಅಳೆದಾಗಿರುತ್ತದೆ. ಇದಕ್ಕೆ ಪ್ರವಾಸಿಗರ ಹೆಬ್ಬಾಗಿಲಿನಂತಿರುವ ಊರುಗಳೇ ಪ್ರಶಸ್ತವಾಗುವುದು ಆಕಸ್ಮಿಕವಲ್ಲ. ರಜೆಗೆಂದು ಹೊರಟವನಿಗೆ ಆ ಊರಿನಲ್ಲಿ ಮತವಿಲ್ಲ, ತಕರಾರಿದ್ದರೂ ವಿಚಾರಣೆಯ ದಿನ ನೂರಾರು ಮೈಲಿ ಹಿಂದಿರುಗಿ ಬರುವ ವ್ಯವಧಾನವಿಲ್ಲ, ಆದ್ದರಿಂದ ಅವನು ದಂಡ ತೆತ್ತು ಮುಂದೆ ಸಾಗುತ್ತಾನೆ.

ವೇಗಕ್ಕೆ ಕಡಿವಾಣ ಬೇಡವೆಂಬುದು ಈ ವಾದದ ತಾತ್ಪರ್ಯವಲ್ಲ. ಮಕ್ಕಳು ದಾಟುವ ರಸ್ತೆಯಲ್ಲಿ ಅತಿವೇಗ ಜೀವ ತೆಗೆಯುತ್ತದೆಂಬುದು ನಿರ್ವಿವಾದ. ಪೊಲೀಸರನ್ನು ಸಮರ್ಥಿಸುವವರು ಮುಂದಿಡುವ ಈ ಮಾತನ್ನು ಪೂರ್ತಿಯಾಗಿ ಒಪ್ಪಬೇಕು. ಆದರೆ ವೇಗ ತಗ್ಗಿಸುವುದೇ ಗುರಿಯಾಗಿದ್ದರೆ ಎಚ್ಚರಿಕೆಯ ಫಲಕ ಮುಂಚೆಯೇ ಇರಬೇಕು, ಮಿತಿ ಹಂತಹಂತವಾಗಿ ಇಳಿಯಬೇಕು, ಪೊಲೀಸ್ ವಾಹನ ಎದ್ದು ಕಾಣಬೇಕು. ಹೀಗೆ ಮಾಡಿದರೆ ದಂಡದ ಮೊತ್ತ ಕುಸಿಯುತ್ತದೆ. ದಂಡವನ್ನೇ ನಂಬಿದ ಊರಿಗೆ ತನ್ನದೇ ನಿಯಮವನ್ನು ಜನ ಪಾಲಿಸುವುದು ನಷ್ಟದ ಬಾಬತ್ತಾಗುತ್ತದೆ.

ಕರ್ನಾಟಕದ ಓದುಗರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ಇಲ್ಲಿ ಮೋಟಾರು ವಾಹನ ಕಾಯ್ದೆಯಡಿ ವಸೂಲಾಗುವ ದಂಡ ರಾಜ್ಯದ ಬೊಕ್ಕಸಕ್ಕೆ ಸೇರುತ್ತದೆಯೇ ಹೊರತು ಬಂಡೀಪುರದ ದಾರಿಯಲ್ಲಿರುವ ಗುಂಡ್ಲುಪೇಟೆಯ ಪುರಸಭೆಗಲ್ಲ. ಮಿಸೌರಿಯ ಸಂವಿಧಾನವೂ ರಾಜ್ಯದ ದಂಡನೀಯ ಕಾನೂನುಗಳ ಉಲ್ಲಂಘನೆಗೆ ಬಂದ ದಂಡ ಶಾಲೆಗಳಿಗೆ ಸಲ್ಲಬೇಕೆಂದು ವಿಧಿಸಿದೆ. ಆದರೆ ಅದೇ ತಪ್ಪನ್ನು ಊರಿನ ಸ್ಥಳೀಯ ನಿಯಮದಡಿ ದಾಖಲಿಸಿದರೆ ಹಣ ಊರಿನಲ್ಲೇ ಉಳಿಯುತ್ತದೆ. ಇಡೀ ವ್ಯವಹಾರ ನುಸುಳುವುದು ಈ ಕಿಂಡಿಯಿಂದಲೇ.

1995ರಲ್ಲಿ ಶಾಸನಸಭೆ ಮಾಡಿದ, ಆ ಊರಿನ ಹೆಸರಿನಲ್ಲೇ ‘ಮ್ಯಾಕ್ಸ್ ಕ್ರೀಕ್ ಕಾನೂನು’ ಎಂದು ಪ್ರಸಿದ್ಧವಾದ ಶಾಸನ ಕಿಂಡಿಯನ್ನು ಮುಚ್ಚಲಿಲ್ಲ, ಅದರ ಅಗಲವನ್ನಷ್ಟೇ ಗೊತ್ತುಮಾಡಿತು: ವರಮಾನದ ಶೇಕಡ 45ನ್ನು ಮೀರಿದ ಸಂಚಾರ ದಂಡ ಮಾತ್ರ ಶಾಲೆಗಳಿಗೆ ಹೋಗಬೇಕಾಯಿತು. ಈ ಮಿತಿ ಮುಂದೆ 35ಕ್ಕೆ, ಆಮೇಲೆ 30ಕ್ಕೆ ಇಳಿಯಿತು. ಪೊಲೀಸರು ಸಾರ್ವಜನಿಕ ಸುರಕ್ಷತೆಗಿಂತ ಆದಾಯದ ಕಡೆಗೇ ದುಡಿಯುತ್ತಿದ್ದರೆಂದು ಅದೇ ರಾಜ್ಯದ ಫರ್ಗುಸನ್ ನಗರದ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ 2015ರಲ್ಲಿ ವರದಿ ಮಾಡಿದ ಮೇಲೆ 20ಕ್ಕೆ ತಗ್ಗಿತು. ಶೇಕಡ ಎಷ್ಟರವರೆಗೆ ದುರಾಸೆ ಸಕ್ರಮವೆಂಬ ಇಂಥ ಚೌಕಾಸಿ ಶಾಸನಸಭೆಗೆ ಶೋಭಿಸುವುದಿಲ್ಲ.

ತೀರ್ಪಿನಿಂದ ಲಾಭ ಪಡೆಯುವವನು ತೀರ್ಪುಗಾರನಾಗಬಾರದೆಂಬ ತತ್ತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟು 1927ರಲ್ಲೇ ಎತ್ತಿಹಿಡಿದಿತ್ತು. 1972ರಲ್ಲಿ ಓಹಾಯೊದ ಮನ್ರೊವಿಲ್ ಪ್ರಕರಣದಲ್ಲಿ, ಲಾಭ ಮೇಯರನ ಜೇಬಿಗಲ್ಲದೆ ಊರಿನ ಖಜಾನೆಗೆ ಹೋದರೂ, ಆ ಖಜಾನೆಯ ಹೊಣೆ ಹೊತ್ತ ಮೇಯರನೇ ವಿಚಾರಣೆ ನಡೆಸುವುದು ನ್ಯಾಯವಲ್ಲವೆಂದು ಅದನ್ನು ವಿಸ್ತರಿಸಿತು. ನ್ಯಾಯಪೀಠಕ್ಕೆ ಅನ್ವಯಿಸುವ ಈ ತರ್ಕ ರಡಾರ್ ಹಿಡಿದ ಕೈಗೂ ಅನ್ವಯಿಸಬೇಕು.

ಕಾನೂನು ಬಂದ ಮೇಲೆ ಮ್ಯಾಕ್ಸ್ ಕ್ರೀಕ್ ದಿವಾಳಿಯಾಯಿತು, 2012ರಲ್ಲಿ ಪಟ್ಟಣಾಡಳಿತವೇ ರದ್ದಾಯಿತು. ಇದನ್ನು ಕಾನೂನಿನ ಕ್ರೌರ್ಯವೆಂದು ಮರುಗುವವರಿದ್ದಾರೆ. ಆದರೆ ಬೇರೆಯವರ ತಪ್ಪಿಲ್ಲದೆ ಒಂದು ವರ್ಷವೂ ನಿಲ್ಲಲಾರದ ಆಡಳಿತವನ್ನು ಉಳಿಸುವುದು ದಾರಿಹೋಕರ ಹೊಣೆಯಲ್ಲ. ಸರೋವರಕ್ಕೆ ಬರುವ ಜನದಟ್ಟಣೆಯ ಲಾಭ ಇಡೀ ರಾಜ್ಯಕ್ಕೆ ಸಲ್ಲುವುದಾದರೆ, ಹೆದ್ದಾರಿಯ ಗಸ್ತಿನ ಖರ್ಚನ್ನೂ ರಾಜ್ಯವೇ ಭರಿಸಲಿ. ದಂಡ ಯಾವ ನಿಯಮದಡಿ ದಾಖಲಾದರೂ ಅದರ ಕೊನೆಯ ಡಾಲರಿನವರೆಗೆ ಶಾಲೆಗಳಿಗೆ ಹೋಗಲಿ.