ಸರಪಳಿ ಕವಚವೂ ನಮ್ಮ ಉಕ್ಕೂ

ಪ್ರಾಚೀನ ರೋಮನ್ ಯೋಧರ ಕವಚವನ್ನು ಮತ್ತೆ ತಯಾರಿಸಿ, ತೊಟ್ಟು, ಹಳೆಯ ಯುದ್ಧಗಳನ್ನು ಅಭಿನಯಿಸುವ ಹವ್ಯಾಸವು ಪಾಶ್ಚಾತ್ಯ ದೇಶಗಳಲ್ಲಿ ಬೆಳೆದಿದೆ. ಅದಕ್ಕೆ ಬೇಕಾದ ಸರಪಳಿ ಕವಚಗಳನ್ನು ಮಾಡುವ ಕಾರ್ಖಾನೆಗಳು ಭಾರತದಲ್ಲಿಯೂ ಇವೆ. ಇಂತಹ ಪ್ರತಿಕೃತಿಯು ಬರಿಯ ವೇಷವೋ, ವಿದ್ಯೆಯ ಸಾಧನವೋ ಎಂಬುದು ಅದನ್ನು ತಯಾರಿಸುವ ಕ್ರಮದಿಂದಲೇ ನಿರ್ಧಾರವಾಗುತ್ತದೆಂದು ನಮ್ಮ ಅಭಿಪ್ರಾಯ.

ಈ ಕವಚದ ಪ್ರತಿಯೊಂದು ಬಳೆಯೂ ನೆರೆಯ ನಾಲ್ಕು ಬಳೆಗಳೊಡನೆ ಹೆಣೆದುಕೊಂಡಿರುತ್ತದೆ. ರೋಮನರು ಒಂದು ಸಾಲಿನಲ್ಲಿ ಸಂದಿಲ್ಲದ ಇಡಿಯ ಬಳೆಗಳನ್ನೂ, ಮರುಸಾಲಿನಲ್ಲಿ ತಂತಿಯನ್ನು ಬಾಗಿಸಿ ತುದಿಗಳಿಗೆ ರಿವೆಟ್ಟು ಬಡಿದ ಬಳೆಗಳನ್ನೂ ಇಡುತ್ತಿದ್ದರು. ಅಗ್ಗದ ಪ್ರತಿಕೃತಿಯಲ್ಲಾದರೋ ತುದಿಗಳನ್ನು ಒಂದಕ್ಕೊಂದು ತಾಗಿಸಿ ಬಿಟ್ಟಿರುತ್ತಾರೆ. ಈಟಿಯ ಮೊನೆ ಒತ್ತಿದರೆ ಆ ಬಳೆ ಬಾಯಿಬಿಡುತ್ತದೆ. ರಿವೆಟ್ಟಿನ ಬಳೆ ಬಿಚ್ಚಬೇಕಾದರೆ ಲೋಹವೇ ಹರಿಯಬೇಕು. ದೂರದಿಂದ ನೋಡುವವರಿಗೆ ಎರಡೂ ಒಂದೇ, ತೊಟ್ಟವನಿಗೆ ಅಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ವಿದ್ಯಾರ್ಥಿಗಳಿಗೆ ಈ ವಿಷಯ ಪರಕೀಯವೇನಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಕವಚಕ್ಕೆ ‘ಜೋಡು’ ಎಂಬ ಹೆಸರುಂಟು. 17ನೆಯ ಶತಮಾನದಲ್ಲಿ ಶಿರಾ ಸೀಮೆಯನ್ನಾಳಿದ ಬಿಜಾಪುರದವರ ಸರಪಳಿ ಕವಚಗಳು 1689ರಲ್ಲಿ ಆದವಾನಿಯಲ್ಲಿ ಮೊಗಲ್ ಪಡೆಯ ಕೈಸೇರಿ, ಬಿಕಾನೇರಿನ ಆಯುಧಶಾಲೆಗೆ ಹೋದವು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಮಧುಗಿರಿ ಮತ್ತು ಚನ್ನರಾಯನದುರ್ಗದ ಸೀಮೆಯಲ್ಲಿ ಹಳ್ಳಗಳ ಕರಿಮರಳಿನಿಂದ ಕಬ್ಬಿಣ ತೆಗೆಯುವುದನ್ನೂ, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನಿಟ್ಟು ಕಾಯಿಸಿ ಉಕ್ಕು ಮಾಡುವುದನ್ನೂ ವರ್ಣಿಸಿದ್ದಾನೆ. ಕಡ್ಡಿಯ ಇಂಗಾಲವು ಕಬ್ಬಿಣದೊಳಗೆ ಬೆರೆತು ಅದಕ್ಕೆ ಗಡಸುತನ ಕೊಡುತ್ತದೆ. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿಯು ಅಂದು ವಾದ್ಯಗಳಿಗಾಗಿ ದೂರದ ನಾಡುಗಳಿಗೂ ಹೋಗುತ್ತಿತ್ತು.

ಆ ಕುಲುಮೆಗಳು ಆರಿದವು. ಕೆಲಸಗಾರರು ತಮ್ಮ ವಿದ್ಯೆಯನ್ನು ಪುಸ್ತಕದಲ್ಲಿ ಬರೆದಿಡಲಿಲ್ಲ. ಅದು ಅವರ ಕೈಯಲ್ಲಿತ್ತು, ಕೈಯೊಡನೆಯೇ ಹೋಯಿತು. ಹೋದುದರಲ್ಲಿ ಸ್ವಲ್ಪವನ್ನಾದರೂ ಮರಳಿ ಪಡೆಯಲು ಕೈಯಿಂದ ಮಾಡಿ ನೋಡುವುದೇ ದಾರಿ.

ಸಿದ್ಧವಸ್ತು ಸಿಕ್ಕುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಕೊಂಡ ಕವಚವು ಉತ್ಸವದ ಒಂದು ದಿನಕ್ಕೆ ಸಾಕು. ಅದು ಪ್ರಶ್ನೆ ಕೇಳುವುದಿಲ್ಲ. ಇಡಿಯ ಕವಚಕ್ಕೆ ಹತ್ತಾರು ಸಾವಿರ ಬಳೆಗಳು ಬೇಕು, ನಿಜ. ಆದರೆ ಅಂಗೈಯಗಲದ ಎರಡು ತುಂಡುಗಳನ್ನು, ಒಂದನ್ನು ರಿವೆಟ್ಟಿನಿಂದಲೂ ಇನ್ನೊಂದನ್ನು ರಿವೆಟ್ಟಿಲ್ಲದೆಯೂ, ಯಾವ ಶಾಲೆಯೂ ಹೆಣೆಯಬಹುದು. ಅವುಗಳಿಗೆ ತೂಕದ ಕಲ್ಲುಗಳನ್ನು ಒಂದೊಂದಾಗಿ ತೂಗುಹಾಕಿ, ಯಾವುದು ಎಷ್ಟು ಭಾರಕ್ಕೆ ಬಿಚ್ಚಿತೆಂದು ಬರೆದಿಡಲಿ. ಎಳೆದ ತಂತಿ ಗಡುಸಾಗುವುದೇಕೆ, ಕೆಂಪಗೆ ಕಾಯಿಸಿ ಮೆಲ್ಲನೆ ಆರಿಸಿದರೆ ಮೆದುವಾಗುವುದೇಕೆ ಎಂದು ಆಗ ತಾವಾಗಿಯೇ ಕೇಳುವರು. ಊರ ಹಳ್ಳದ ಮರಳಿನಲ್ಲಿ ಅಯಸ್ಕಾಂತವನ್ನು ಆಡಿಸಿ ನೋಡಲಿ.

ಮಧುಗಿರಿ, ಪಾವಗಡಗಳ ಕೋಟೆಯನ್ನು ಹತ್ತಿ ಕಲ್ಲನ್ನು ಮೆಚ್ಚಿ ಇಳಿಯುವವರು ಅನೇಕರು. ಕಲ್ಲಿನಷ್ಟೇ ಉಕ್ಕೂ ಈ ಸೀಮೆಯ ಹಿರಿಮೆಯೆಂಬುದನ್ನು ತಿಳಿದವರು ಇಳಿದು ಬರಲಿ.