ಕಡತದ ಹೊರಗೆ: ದೊಡ್ಡ ಬೋರಿನ ಪಿಸ್ತೂಲು

ಟೆಕ್ಸಾಸಿನಲ್ಲಿರುವ ಮಗ ದೊಡ್ಡ ಬೋರಿನ ಪಿಸ್ತೂಲೊಂದನ್ನು ಕೊಳ್ಳಬೇಕೆಂದಿದ್ದಾನೆ. ಯಾವುದನ್ನು ಕೊಂಡರೆ ಒಳ್ಳೆಯದು, ಕೊಳ್ಳದಿದ್ದರೆ ಇನ್ನೂ ಒಳ್ಳೆಯದಲ್ಲವೆ, ಎಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿದ್ದಾರೆ. ಹೆಸರು ಹಾಕಬೇಡಿರೆಂದಿದ್ದಾರೆ. ಡೊಂಬಿವಲಿಯ ರಾಯರು ಎಂದರೆ ಸಾಕು. ಡೊಂಬಿವಲಿಯಲ್ಲಿ ರಾಯರಿಗೇನು ಬರವೆ? ಶನಿವಾರ ರೇಂಜಿಗೆ ಹೋಗಿ ಗುರಿ ಹೊಡೆಯುವುದಕ್ಕೂ, ಎಂದಾದರೊಮ್ಮೆ ದೂರದ ದಾರಿ ಹಿಡಿದಾಗ ಸೊಂಟದಲ್ಲಿ ಇಟ್ಟುಕೊಳ್ಳುವುದಕ್ಕೂ ಒಂದೇ ಆಯುಧ ಸಾಕೆಂಬುದು ಮಗನ ಲೆಕ್ಕ. ತಾಯಿಗೆ ಊಟ ಸೇರುತ್ತಿಲ್ಲ. ರಾಯರಿಗೆ ಭಯ ಅರ್ಧ, ಕುತೂಹಲ ಅರ್ಧ.

ನಾವು ಈ ವಿದ್ಯೆಯಲ್ಲಿ ಪಂಡಿತರೇನಲ್ಲ. ಬಿ.ಎ. ಓದುವಾಗ ಎನ್.ಸಿ.ಸಿ.ಯಲ್ಲಿ .22 ರೈಫಲಿನಿಂದ ಹಾರಿಸಿದ ಹತ್ತಿಪ್ಪತ್ತು ಗುಂಡುಗಳೇ ನಮ್ಮ ಧನುರ್ವೇದ. ಆದರೆ ಕಛೇರಿಯಲ್ಲಿ ಕೆಲವು ವರುಷ ಬಂದೂಕಿನ ಪರವಾನೆಯ ಕಡತಗಳು ನಮ್ಮ ಮೇಜಿನ ಮೇಲೆ ಹಾದುಹೋದುವು. ಕಡತ ಓದಿ ಬಂದ ಕುತೂಹಲದಿಂದ ಉಳಿದದ್ದನ್ನೂ ಓದಿದೆವು.

ಅಮೆರಿಕೆಯಲ್ಲಿರುವವರಿಗೆ ಮೊದಲ ಪ್ರಶ್ನೆ ಬೋರಿನದಲ್ಲ, ವೀಸಾದ್ದು. ಎಚ್-1ಬಿ, ಎಫ್-1 ಮೊದಲಾದ ತಾತ್ಕಾಲಿಕ ವೀಸಾದ ಮೇಲೆ ಹೋದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಲ್ಲಿಯ ಕೇಂದ್ರ ಕಾನೂನಿನಂತೆ ಅಪರಾಧ. ಬೇಟೆಯ ಪರವಾನೆ ಇದ್ದವರಿಗೆ ವಿನಾಯಿತಿ ಉಂಟು, ಇನ್ನೂ ಒಂದೆರಡು ವಿನಾಯಿತಿಗಳುಂಟು. ರೇಂಜಿನಲ್ಲಿ ಬಾಡಿಗೆಗೆ ಕೊಡುವ ಪಿಸ್ತೂಲನ್ನು ಕೈಗೆ ತೆಗೆದುಕೊಂಡರೂ ಇಟ್ಟುಕೊಂಡ ಲೆಕ್ಕವೇ. ಸ್ನೇಹಿತರ ಜತೆ ಒಂದು ಮಧ್ಯಾಹ್ನ ತಮಾಷೆಗೆ ಹೋದ ಹುಡುಗನಿಗೆ ಇದು ತಿಳಿದಿರುವುದಿಲ್ಲ. ರಾಯರ ಮಗನಿಗೆ ಗ್ರೀನ್ ಕಾರ್ಡು ಬಂದು ಮೂರು ವರುಷವಾಯಿತು, ಅವನಿಗೆ ಈ ಅಡ್ಡಿಯಿಲ್ಲ. ಮಿಕ್ಕ ತಾಯಿತಂದೆಗಳು ಈ ಪ್ಯಾರಾವನ್ನು ಫೋಟೋ ತೆಗೆದು ಮಕ್ಕಳಿಗೆ ಕಳಿಸಿದರೆ ನಮ್ಮ ಅಭ್ಯಂತರವಿಲ್ಲ.

ಇನ್ನು ಬೋರು. ನಳಿಗೆಯ ಒಳಗಲವನ್ನು ಅಂಗುಲದ ಭಾಗದಲ್ಲಿ ಹೇಳುವುದು ರೂಢಿ. .45 ಎಂದರೆ ಅರ್ಧ ಅಂಗುಲಕ್ಕೆ ಸ್ವಲ್ಪ ಕಡಿಮೆ. ಈ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ: .44 ಮ್ಯಾಗ್ನಮ್ಮಿನ ಗುಂಡು ಅಳೆದರೆ .429, .38 ಎಂದು ಕರೆಯಿಸಿಕೊಳ್ಳುವುದು ನಿಜವಾಗಿ .357. ನಮ್ಮ ಅಂಗಡಿಯ ಸೇರಿನಂತೆ! ಸಾಮಾನ್ಯ 9 ಮಿ.ಮೀ. ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ ತೂಗಿದರೆ .45ರದು ಸುಮಾರು 15 ಗ್ರಾಂ. ಮೊದಲನೆಯದು ಹಗುರವಾಗಿದ್ದು ವೇಗವಾಗಿ ಹೋಗುತ್ತದೆ, ಎರಡನೆಯದು ಭಾರವಾಗಿದ್ದು ನಿಧಾನವಾಗಿ ಹೋಗುತ್ತದೆ. ಕೊನೆಗೆ ಇಬ್ಬರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಆದರೆ 1955ರ ಕೊನೆಗೆ ಬಂದ .44 ಮ್ಯಾಗ್ನಮ್ ಬೇರೆಯ ಜಾತಿ. ಅದರ ಶಕ್ತಿ ಇವೆರಡರ ಇಮ್ಮಡಿಗೂ ಮಿಕ್ಕದ್ದು. 1971ರಲ್ಲಿ ‘ಡರ್ಟಿ ಹ್ಯಾರಿ’ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದು ನಿಂತ ಮೇಲೆ ಅದಕ್ಕೆ ಬಂದ ಬೇಡಿಕೆ ಇಂದಿಗೂ ಇಳಿದಿಲ್ಲ. ರಾಯರ ಮಗ ಕಳಿಸಿದ ಚಿತ್ರವೂ ಅದರದೇ. ಆರೂವರೆ ಅಂಗುಲದ ನಳಿಗೆ, ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಕ.

ಈಗ ಆ ತೂಕದ ಮಾತು. ರೇಂಜಿನಲ್ಲಿ ತೂಕವೇ ಹಿತ. ಗುಂಡು ಮುಂದಕ್ಕೆ ಹೋದಾಗ ಪಿಸ್ತೂಲು ಹಿಂದಕ್ಕೆ ಒದೆಯಬೇಕಷ್ಟೆ; ಆಯುಧ ಭಾರವಾದಷ್ಟೂ ಒದೆತ ಕಡಿಮೆ, ನಳಿಗೆ ಉದ್ದವಾದಷ್ಟೂ ಗುರಿ ಸುಲಭ. ಸೊಂಟಕ್ಕೆ ಬೇಕಾದದ್ದು ಇದರ ಪೂರ್ತಿ ವಿರುದ್ಧ: ಹಗುರ, ಗಿಡ್ಡ, ಚಪ್ಪಟೆ. ಎರಡು ಸೇರು ಅಕ್ಕಿಯಂಥ ಆಯುಧವನ್ನು ಒರೆಯಲ್ಲಿ ಕಟ್ಟಿಕೊಂಡು ದಿನವಿಡೀ ಕಾರಿನಲ್ಲಿ ಕುಳಿತವನು ಮಾರನೆಯ ಸಲ ಅದನ್ನು ಮನೆಯಲ್ಲೇ ಬಿಡುತ್ತಾನೆ. ಹಾಗೆಂದು ಅದೇ .44 ಅನ್ನು ಹಗುರವಾದ ಗಿಡ್ಡ ರಿವಾಲ್ವರಿನಲ್ಲಿ ಕೊಂಡರೆ, ರೇಂಜಿನಲ್ಲಿ ಹತ್ತು ಗುಂಡು ಹಾರಿಸುವುದರೊಳಗೆ ಅಂಗೈ ಉರಿದು ಉತ್ಸಾಹ ಇಳಿಯುತ್ತದೆ. ಅಷ್ಟೇ ಆದರೆ ಚಿಂತೆಯಿಲ್ಲ. ಒದೆತಕ್ಕೆ ಹೆದರಿದ ಕೈ ಕುದುರೆ ಎಳೆಯುವ ಮೊದಲೇ ಬೆಚ್ಚಿಬೀಳುವ ಚಾಳಿ ಕಲಿಯುತ್ತದೆ. ಕಲಿತ ಚಾಳಿ ಸಣ್ಣ ಪಿಸ್ತೂಲು ಹಿಡಿದಾಗಲೂ ಬಿಡುವುದಿಲ್ಲ.

ಇದು ನಮ್ಮಂಥ ಗುಮಾಸ್ತರ ಊಹೆಯಲ್ಲ. 1986ರ ಏಪ್ರಿಲಿನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್.ಬಿ.ಐ.ನ ಇಬ್ಬರು ಏಜೆಂಟರು ಸತ್ತರು. ನಮ್ಮ 9 ಮಿ.ಮೀ. ಗುಂಡು ಸಾಲದೆಂದು ಇಲಾಖೆ 10 ಮಿ.ಮೀ.ಗೆ ಏರಿತು. ಅದರ ಒದೆತ ಹಲವು ಏಜೆಂಟರ ಕೈಗೆ ಒಗ್ಗಲಿಲ್ಲ; .40ಕ್ಕೆ ಇಳಿಯಿತು. ಕೊನೆಗೆ 2016ರಲ್ಲಿ ಮತ್ತೆ 9 ಮಿ.ಮೀ.ಗೇ ಬಂದು ನಿಂತಿತು. ಅಷ್ಟರಲ್ಲಿ ಗುಂಡುಗಳು ಸುಧಾರಿಸಿದ್ದುವು ನಿಜ. ಒದೆತ ಕಡಿಮೆಯಾದರೆ ಹೆಚ್ಚು ಜನ ಹೆಚ್ಚು ಸಲ ಗುರಿ ಮುಟ್ಟಿಸುತ್ತಾರೆಂಬುದೂ ಅಷ್ಟೇ ನಿಜ. ಬ್ರಿಟಿಷ್ ಸೈನ್ಯದ ಕಥೆಯೂ ಹಾಗೆಯೇ. ಹಳೆಯ ಸಿನಿಮಾಗಳಲ್ಲಿ ಇನ್ಸ್‌ಪೆಕ್ಟರ ಸೊಂಟದಲ್ಲಿ ಕಾಣುವ ಆ ದೊಡ್ಡ ವೆಬ್ಲಿಯ .455 ತೋಟಾವನ್ನು ಅವರು ಮೊದಲ ಮಹಾಯುದ್ಧದ ಅನುಭವದ ಮೇಲೆ ಬಿಟ್ಟು, .38ಕ್ಕೆ ಇಳಿದರು; ಹೊಸ ಸಿಪಾಯಿಗೆ ಬೇಗ ಕಲಿಸಬಹುದೆಂಬುದು ಮುಖ್ಯ ಕಾರಣ.

ಹಾಗಾದರೆ ರಾಯರ ಮಗ ಕೊಳ್ಳಬೇಕಾದದ್ದು ಯಾವುದು? ಕೊಂಡೇ ತೀರುವನಾದರೆ ನಮ್ಮ ಓಟು .357 ಮ್ಯಾಗ್ನಮ್ ರಿವಾಲ್ವರಿಗೆ. ಪೂರ್ತಿ ಉಕ್ಕಿನದು, ನಾಲ್ಕು ಅಂಗುಲದ ನಳಿಗೆಯದು. ಅದರ ಗುಣವೆಂದರೆ ಅದೇ ಸಿಲಿಂಡರಿನಲ್ಲಿ ಸೌಮ್ಯವಾದ .38 ಸ್ಪೆಷಲ್ ತೋಟಾವನ್ನೂ ಹಾಕಬಹುದು. ಶನಿವಾರದ ಐವತ್ತು ಗುಂಡುಗಳಲ್ಲಿ ನಲವತ್ತೈದು ಸಣ್ಣವು, ಕೊನೆಗೆ ಆಸೆ ತೀರಲು ಐದು ದೊಡ್ಡವು. .44ರ ಮೇಲೆಯೇ ಮನಸ್ಸು ನೆಟ್ಟಿದ್ದರೆ ಅದರಲ್ಲೂ .44 ಸ್ಪೆಷಲ್ ಹಾಕುವ ಅನುಕೂಲವಿದೆ, ಆದರೆ ಖರ್ಚು ಹೆಚ್ಚು; .44 ಮ್ಯಾಗ್ನಮ್ಮಿನ ಒಂದು ತೋಟಾದ ಬೆಲೆಗೆ 9 ಮಿ.ಮೀ.ನವು ಮೂರು ಬರುವುದುಂಟು. ದುಬಾರಿಯಾದ ಅಭ್ಯಾಸ ಬೇಗ ನಿಲ್ಲುತ್ತದೆ. ಸಂಗೀತದ ಪಾಠ ಕೊಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವ ಮೊದಲು ಬಾಡಿಗೆಗೆ ಎರಡು ಮೂರು ಬಗೆ ಹಿಡಿದು ನೋಡಲಿ. ಹಿಡಿಯನ್ನು ಹಿಡಿದಾಗ ಬೆರಳಿನ ತುದಿಯ ಗೆಣ್ಣು ಕುದುರೆಯ ಮೇಲೆ ಸಲೀಸಾಗಿ ಬರಬೇಕು. ನಮ್ಮವರ ಕೈ ಅಮೆರಿಕೆಯವರ ಕೈಗಿಂತ ಚಿಕ್ಕದಾಗಿರುವುದೇ ಹೆಚ್ಚು. ಎಷ್ಟೋ ದೊಡ್ಡ ಪಿಸ್ತೂಲುಗಳು ಅಲ್ಲಿಗೇ ಕಳಚಿಹೋಗುತ್ತವೆ.

‘ಎಂದಾದರೊಮ್ಮೆ ಸೊಂಟಕ್ಕೆ’ ಎಂಬುದನ್ನು ಮಾತ್ರ ನಾವು ಒಪ್ಪುವುದಿಲ್ಲ, ರಾಯರೇ. ದಿನವೂ ಧರಿಸುವವನಿಗೆ ಅಭ್ಯಾಸವಾದರೂ ಇರುತ್ತದೆ. ಅಪರೂಪಕ್ಕೆ ಧರಿಸುವವನಿಗೆ ಅದೂ ಇಲ್ಲ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಇಪ್ಪತ್ತೊಂದು ತುಂಬಿದ ಅರ್ಹರು ಪರವಾನೆಯಿಲ್ಲದೆಯೇ ಪಿಸ್ತೂಲು ಧರಿಸಬಹುದು. ಆದರೆ ಶಾಲೆಗೆ ಒಯ್ಯುವಂತಿಲ್ಲ, ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ, ಮದ್ಯದಂಗಡಿಗೆ ಒಯ್ಯುವಂತಿಲ್ಲ. ಬೇಡವೆಂದು ಫಲಕ ಹಾಕಿದ ಅಂಗಡಿಗೂ ಒಯ್ಯುವಂತಿಲ್ಲ. ಅಲ್ಲೆಲ್ಲ ಇಳಿಯುವಾಗ ಅದನ್ನು ಎಲ್ಲಿ ಬಿಡುವುದು? ಕಾರಿನಲ್ಲಿ. ನಿಲ್ಲಿಸಿದ ಕಾರಿನಿಂದ ಪಿಸ್ತೂಲು ಕದಿಯುವುದೇ ಅಲ್ಲಿಯ ಕಳ್ಳರಿಗೆ ಈಗ ದೊಡ್ಡ ಕಸುಬು. ನಾವು ಕಂಡಂತೆ ಈ ಎಂದಾದರೊಮ್ಮೆಯ ದಿನಗಳಲ್ಲಿ ಆಯುಧ ಯಜಮಾನನನ್ನು ಕಾಯುವುದಕ್ಕಿಂತ ಯಜಮಾನ ಆಯುಧವನ್ನು ಕಾಯುವುದೇ ಹೆಚ್ಚು.

ಈಗ ರಾಯರ ಮನೆಯಾಕೆಗೆ ಎರಡು ಮಾತು. ‘ಬೇಡವೇ ಬೇಡ ಎಂದು ನೀವಾದರೂ ಬರೆಯಿರಿ, ನಿಮ್ಮ ಮಾತು ಕೇಳ್ತಾನೆ’ ಎಂದಿರಿ. ಮೂವತ್ತನಾಲ್ಕರ ಗಂಡು ಯಾರ ಮಾತು ಕೇಳುತ್ತಾನೆ ತಾಯಿ? ಬೇಡವೆನ್ನುವ ಬದಲು ಬೇರೆ ಪ್ರಶ್ನೆ ಕೇಳಿರಿ. ಮಗು ಎಲ್ಲಿ ಆಡುತ್ತದೆ, ತಿಜೋರಿ ಎಲ್ಲಿದೆ, ಬೀಗದ ಗುಟ್ಟು ಯಾರಿಗೆ ಗೊತ್ತು? ತುಂಬಿದ ಪಿಸ್ತೂಲು ಹದಿನೇಳರೊಳಗಿನ ಮಕ್ಕಳ ಕೈಗೆ ಸಿಗುವಂತೆ ಬಿಡುವುದು ಟೆಕ್ಸಾಸಿನಲ್ಲಿಯೇ ಅಪರಾಧ. ಅಷ್ಟು ಉದಾರವಾದ ಕಾನೂನೂ ಅಲ್ಲಿ ಕಣ್ಣು ಕೆಂಪಗೆ ಮಾಡುತ್ತದೆ. ಇನ್ನೊಂದು, ಗಂಡಸರಿಗೆ ನೆನಪಾಗದ ಸಂಗತಿ: ಮುಚ್ಚಿದ ರೇಂಜಿನ ಗಾಳಿಯಲ್ಲಿ ಸೀಸದ ಧೂಳಿರುತ್ತದೆ. ಬಟ್ಟೆಗೆ, ಕೂದಲಿಗೆ, ಕೈಗೆ ಹತ್ತಿ ಮನೆಗೆ ಬರುತ್ತದೆ. ಸೀಸ ಸಣ್ಣ ಮಕ್ಕಳ ಮಿದುಳಿಗೆ ವಿಷ. ರೇಂಜಿನಿಂದ ಬಂದವನು ಕೈಮುಖ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನೆತ್ತಲಿ. ಆ ಬಟ್ಟೆಯನ್ನು ಬೇರೆಯೇ ಒಗೆಯಲಿ. ಮಡಿಯ ಲೆಕ್ಕ ಬಲ್ಲ ನಿಮಗೆ ಇದನ್ನು ಒತ್ತಿ ಹೇಳುವ ಹಕ್ಕಿದೆ. ಕಿವಿಗೆ ಒಳಗೊಂದು ಬಿರಡೆ, ಮೇಲೊಂದು ಮುಚ್ಚಳ, ಎರಡೂ ಬೇಕು. ಮ್ಯಾಗ್ನಮ್ಮಿನ ಸದ್ದು ಒಂದೇ ಹೊಡೆತಕ್ಕೆ ಕಿವಿಯನ್ನು ಕೆಡಿಸಬಲ್ಲದು.

ಮಗ ಊರಿಗೆ ಹಿಂತಿರುಗುವಾಗ ಅದನ್ನು ತರಬಹುದೆ ಎಂದು ರಾಯರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದಾರೆ. ಬಿಟ್ಟು ಬರಬೇಕೆಂದೇ ಎಣಿಸಿಕೊಳ್ಳಲಿ. ನಮ್ಮ ನಿಯಮಗಳಲ್ಲಿ ಸೈನ್ಯದ ತೋಟಾ ಹಿಡಿಸುವ ಪಿಸ್ತೂಲುಗಳು, ಎಂದರೆ 9 ಮಿ.ಮೀ., ಅಂಚಿಲ್ಲದ .45, .455, .380 ಬಗೆಯವು, ನಿಷಿದ್ಧ ಬೋರು. ಪರವಾನೆ ಸಿಕ್ಕಿದ ಸಾಮಾನ್ಯ ನಾಗರಿಕನ ಕೈಯಲ್ಲಿ ಕಾಣುವುದು ಹೆಚ್ಚಾಗಿ ಕಾನಪುರದ .32. ಕೊಡಗಿನ ಮಿತ್ರರು ಇಲ್ಲಿ ಮೀಸೆಯಡಿಯಲ್ಲಿ ನಗಬಹುದು. ಅವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನೆಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. 

ಪಿಸ್ತೂಲು ಅಲ್ಲೇ ಉಳಿದರೂ ತೋಟಾ ಬಂದುಬಿಡಬಹುದು. ರೇಂಜಿಗೆ ಒಯ್ದ ಚೀಲದ ಮೂಲೆಯಲ್ಲಿ, ಹೊಲಿಗೆಯ ಸಂದಿಯಲ್ಲಿ ಒಂದು ಉಳಿದಿರುತ್ತದೆ. ರಜಕ್ಕೆ ಬರುವಾಗ ಅದೇ ಚೀಲಕ್ಕೆ ಮಗುವಿನ ಬಟ್ಟೆ ತುಂಬುತ್ತಾರೆ. ಇಲ್ಲಿ ವಿಮಾನ ಹತ್ತುವಾಗ ಯಂತ್ರದ ಕಣ್ಣಿಗೆ ಅದು ಬಿದ್ದರೆ ಆಯುಧ ಕಾಯಿದೆಯ ಮೇಲೆ ಮೊಕದ್ದಮೆ. ತನ್ನಲ್ಲಿದೆಯೆಂಬ ಅರಿವಿಲ್ಲದೆ ಇಟ್ಟುಕೊಂಡದ್ದು ಅಪರಾಧದ ಅರ್ಥದ ‘ಸ್ವಾಧೀನ’ವಲ್ಲವೆಂದು ಸುಪ್ರೀಂ ಕೋರ್ಟು 1972ರಲ್ಲಿಯೇ ಹೇಳಿದೆ, ಇಂಥ ಎಷ್ಟೋ ಮೊಕದ್ದಮೆಗಳನ್ನು ಹೈಕೋರ್ಟುಗಳು ರದ್ದು ಮಾಡಿವೆ. ಆದರೆ ರದ್ದಾಗುವ ಹೊತ್ತಿಗೆ ವಿಮಾನ ಹೋಗಿರುತ್ತದೆ, ರಜೆ ಮುಗಿದಿರುತ್ತದೆ, ವಕೀಲರ ಬಿಲ್ಲು ಬಂದಿರುತ್ತದೆ. ರೇಂಜಿನ ಚೀಲ ಬೇರೆಯೇ ಇರಲಿ, ಅದು ಮುಂಬಯಿಯನ್ನು ನೋಡುವುದು ಬೇಡ. ಈಗಾಗಲೇ ಒಂದು ಸಲ ಬಂದಿದ್ದರೆ, ರಾಯರು ಅಟ್ಟದಿಂದ ಇಳಿಸಿ ತಲೆಕೆಳಗು ಮಾಡಿ ಕೊಡವಿ ನೋಡಲಿ.